ಕೊನೆಯ ಬದಲಿ

ಆ ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಲಾಂಡ್ರಿ ಇದೆ. ಮೇಲೆ ಹುಟ್ಟು ಸಾವು ಏನೇ ನಡೆಯಲಿ, ಎಲ್ಲದರ ಬಟ್ಟೆಯೂ ಕೊನೆಗೆ ಇಲ್ಲಿಗೇ ಇಳಿಯುತ್ತದೆ. ಹಾಸಿಗೆಯ ಹೊದಿಕೆ, ರೋಗಿಗಳ ಗೌನು, ಆಪರೇಶನ್ ಕೋಣೆಯ ಹಸಿರು ಬಟ್ಟೆ. ಒಂದು ಕಡೆ ಒಗೆಯುವ ಯಂತ್ರಗಳ ಸಾಲು, ಎದುರಿಗೆ ಒಣಗಿಸುವ ಯಂತ್ರಗಳು, ನಡುವೆ ಮಡಚುವ ಉದ್ದ ಮೇಜು, ಮೂಲೆಯಲ್ಲಿ ಹಬೆ ಉಗುಳುವ ರೋಲರ್ ಇಸ್ತ್ರಿ. ಕಿಟಕಿಯೆಂಬುದು ಇಲ್ಲ. ಹೊರಗೆ ಮಳೆಯೋ ಬಿಸಿಲೋ ಎಂದು ತಿಳಿಯಬೇಕಾದರೆ ಆಗಷ್ಟೇ ಒಳಗೆ ಬಂದವರ ಚಪ್ಪಲಿ ನೋಡಬೇಕು. ಇಲ್ಲಿ ಯಾರು ಯಾವತ್ತು ಯಾವ ಪಾಳಿಗೆ ಬರಬೇಕು ಎಂದು ಬರೆದು ಹಾಕುವವಳೇ ಪಾಳಿಯಕ್ಕ. ಅಪ್ಪ ಅಮ್ಮ ಇಟ್ಟ ಹೆಸರೊಂದು ಅವಳಿಗೂ ಇದೆ. ಸಂಬಳದ ಚೀಟಿಯಲ್ಲಿ ಬಿಟ್ಟರೆ ಅದನ್ನು ಯಾರೂ ಬಳಸಿದ್ದಿಲ್ಲ.

ಪಾಳಿ ಬರೆಯುವುದೇನು ಮಹಾ ಎನ್ನುವವರು ಒಂದೇ ಒಂದು ವಾರ ಬರೆದು ನೋಡಲಿ! ಒಬ್ಬಳಿಗೆ ಬೆಳಗ್ಗೆ ಮಗುವನ್ನು ಶಾಲೆಗೆ ಬಿಡಬೇಕು, ಇನ್ನೊಬ್ಬನಿಗೆ ಸಂಜೆಯ ಬಸ್ಸು ತಪ್ಪಬಾರದು, ಮತ್ತೊಬ್ಬಳಿಗೆ ಅತ್ತೆಯ ಜೊತೆ ಮನೆಯಲ್ಲಿ ಇರುವುದಕ್ಕಿಂತ ಪಾಳಿಯೇ ಮೇಲು, ರಜೆ ಕೊಟ್ಟರೆ ಮುನಿಸು. ಎಲ್ಲರನ್ನೂ ಹೊಂದಿಸಿ, ಉಸ್ಸಪ್ಪಾ ಎಂದು ಕೂರುವಷ್ಟರಲ್ಲಿ ಫೋನು. "ಅಕ್ಕಾ, ನಾಳೆ ಆಗಲ್ಲ." ಸ್ನಾನಕ್ಕೆ ನೀರು ಸುರಿದುಕೊಂಡ ಹೊತ್ತಿಗೆ ಸರಿಯಾಗಿ ಫೋನು. ತುತ್ತು ಬಾಯಿಗಿಟ್ಟರೆ ಫೋನು. ಆಗ ಪಾಳಿಯಕ್ಕ ಬದಲಿಯವರನ್ನು ಹುಡುಕಬೇಕು. ಒಬ್ಬೊಬ್ಬರಿಗೂ ಫೋನು ಮಾಡಿ ಗೋಗರೆಯಬೇಕು. "ನನ್ನ ಮುಖ ನೋಡ್ಕೊಂಡು ಬಾರೇ, ಮುಂದಿನ ವಾರ ನಿಂಗೆ ಎಲ್ಲಾದ್ರೂ ಹೊಂದಿಸಿ ಕೊಡ್ತೀನಿ." ಹೀಗೆ ಒಬ್ಬರ ಪಾಳಿ ಇನ್ನೊಬ್ಬರು ಮಾಡುವುದಕ್ಕೆ ಅವರಲ್ಲಿ ಕೈಬದಲು ಎನ್ನುತ್ತಿದ್ದರು. ಪಾಳಿಯಕ್ಕನ ಮುಖ ನೋಡಿ ಯಾರಾದರೂ ಒಬ್ಬರು ಬಂದೇ ಬರುತ್ತಿದ್ದರು. ಯಾರೂ ಸಿಗದಿದ್ದರೆ?

"ಇರ್ಲಿ ಬಿಡು, ನಾನೇ ಬರ್ತೀನಿ."

ಈ ಮಾತು ಅವಳ ಬಾಯಲ್ಲಿ ಹುಟ್ಟಿದಾಗಿನಿಂದ ಇದೆ. ಮನೆಗೆ ಹಿರಿಮಗಳು. ತಮ್ಮಂದಿರು ತಂಗಿಯರು ಎಲ್ಲ ಮಿಂದ ಮೇಲೆ ತಣ್ಣಗಾದ ನೀರಲ್ಲಿ ಮೀಯುವವಳು, ಎಲ್ಲರೂ ಉಂಡ ಮೇಲೆ ಪಾತ್ರೆ ಕೆರೆಯುವವಳು. "ನೀನು ಉಂಡ್ಯಾ?" ಎಂದು ಯಾರೂ ಕೇಳದಿದ್ದದ್ದು ಅವರ ಕೆಟ್ಟತನದಿಂದಲ್ಲ. ಅವಳದು ಹೇಗೋ ಆಗುತ್ತದೆ ಎಂಬ ನಂಬಿಕೆ, ಅಷ್ಟೆ. ಮದುವೆಯಾದ ಮೇಲೂ ಅದೇ ಕತೆ. ಗಂಡನದು ರಸ್ತೆ ಬದಿಯಲ್ಲಿ ಬೀಗ ರಿಪೇರಿಯ, ಡೂಪ್ಲಿಕೇಟ್ ಕೀಲಿಕೈ ಮಾಡುವ ಪುಟ್ಟ ಅಂಗಡಿ. ಮಾತು ಕಮ್ಮಿ, ಆಡಿದರೆ ಮೊನಚು. ರಜೆಯ ದಿನವೂ ಚಪ್ಪಲಿ ಮೆಟ್ಟಿ ಹೊರಡುವ ಹೆಂಡತಿಯನ್ನು ನೋಡಿ, "ಊರಿಗೆ ಉಪಕಾರಿ, ಮನೆಗೆ ಮಾರಿ" ಎನ್ನುತ್ತಿದ್ದ. ಅವಳು ನಕ್ಕು ಮೆಟ್ಟಿಲಿಳಿಯುತ್ತಿದ್ದಳು. ಮಕ್ಕಳಿಲ್ಲದ ಮನೆ. ಅವಳು ಹೋದ ಮೇಲೆ ಆ ಎರಡು ಕೋಣೆಯಲ್ಲಿ ಅವನೊಬ್ಬನೇ.

ಇಂಥವಳ ಬಲಗೈ ಜೋಮು ಹಿಡಿಯತೊಡಗಿತು. ಮೊದಮೊದಲು ಮಲಗೆದ್ದಾಗ ಮಾತ್ರ, ಕೊಡವಿದರೆ ಹೋಗುತ್ತಿತ್ತು. ಆಮೇಲೆ ಹಗಲೂ ಹೋಗದಾಯಿತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಬೇರೆ ಯಾರದೋ ಬೆರಳುಗಳ ಹಾಗೆ. ಲೋಟ ಹಿಡಿದಿದ್ದೇನೆ ಎಂದುಕೊಂಡಿರುತ್ತಿದ್ದಳು, ಲೋಟ ನೆಲದ ಮೇಲಿರುತ್ತಿತ್ತು. ಅಂಗಿಯ ಗುಂಡಿ ಹಾಕಲು ಬರುತ್ತಿರಲಿಲ್ಲ. ಗಂಡ ಬೀಗದೊಳಗಿನ ಸ್ಪ್ರಿಂಗು ಕೂಡಿಸುವ ಶ್ರದ್ಧೆಯಿಂದಲೇ ಹೆಂಡತಿಯ ಗುಂಡಿ ಹಾಕುತ್ತಿದ್ದ. ಕಡೆಗೆ ಅವನ ಕಾಟ ತಾಳಲಾರದೆ ಮೇಲಿನ ಮಹಡಿಯ ಕೈ ಡಾಕ್ಟರಿಗೆ ತೋರಿಸಿದಳು. ಅವರು ಬೇರೆ ಊರಿನವರು. ತಿಂಗಳಿಗೊಂದು ಬುಧವಾರ ಬಂದು ಆಪರೇಶನ್ ಮಾಡಿ ಹೋಗುತ್ತಿದ್ದರು.

"ಮಣಿಕಟ್ಟಲ್ಲಿ ನರ ಹಿಚುಕಿಕೊಂಡಿದೆಯಮ್ಮ. ಒದ್ದೆ ಬಟ್ಟೆ ಎಳೆದೂ ಎಳೆದೂ ಹೀಗಾಗಿದೆ" ಎಂದರು ಡಾಕ್ಟರು. "ಚಿಕ್ಕ ಆಪರೇಶನ್ನು, ಅವತ್ತೇ ಮನೆಗೆ ಹೋಗ್ಬಹುದು. ಆದ್ರೆ ತಡ ಮಾಡ್ಬೇಡಿ. ನರ ಒಂದು ಹಂತದವರೆಗೆ ತಡೆಯುತ್ತೆ. ಆಮೇಲೆ ನಾನು ಎಷ್ಟೇ ಕುಯ್ದ್ರೂ ಬೆರಳಿಗೆ ಸ್ಪರ್ಶ ವಾಪಸ್ ಬರಲ್ಲ."

ಸರದಿ ಉದ್ದವಿತ್ತು. ಒಂದು ಬುಧವಾರ ಗೊತ್ತಾಯಿತು, ಕೌಂಟರಿನ ನಂಬರಿನ ಸಮೇತ ಅದನ್ನು ಫೋನಿನ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಂಡಳು. ಆ ದಿನ ತಪ್ಪಿದರೆ ಮತ್ತೆ ಸರದಿಯ ಬಾಲಕ್ಕೆ ಹೋಗಿ ನಿಲ್ಲಬೇಕು. ಲಾಂಡ್ರಿಯಲ್ಲಿ ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಅಯ್ಯೋ ಪಾಪ ಎನ್ನುತ್ತಾರೆ, ಅಯ್ಯೋ ಪಾಪ ಅನ್ನಿಸಿಕೊಳ್ಳುವುದು ಅವಳಿಗೆ ಜೋಮಿಗಿಂತ ಕಷ್ಟ.

ಇದೇ ಹೊತ್ತಿಗೆ ಲಾಂಡ್ರಿಯ ಮ್ಯಾನೇಜರಿಗೆ ಜ್ಞಾನೋದಯವಾಯಿತು. ಎಲ್ಲೋ ಮೀಟಿಂಗಿಗೆ ಹೋಗಿ ಬಂದಿದ್ದರು, ಹೋಗಿ ಬಂದಾಗಲೆಲ್ಲ ಏನಾದರೊಂದು ಹೊತ್ತು ತರುತ್ತಿದ್ದರು. "ನೋಡಿ ಪಾಳಿಯಕ್ಕ, ಇಷ್ಟೊಂದು ಫೋನು ಯಾಕೆ? ರಜೆಗೆ ಒಂದು ಫಾರ್ಮು ಇದೆ, ಪಾಳಿಗೆ ಶೀಟಿದೆ, ಎಲ್ಲರ ಫೋನಲ್ಲೂ ಕ್ಯಾಲೆಂಡರ್ ಇದೆ, ಮೆಸೇಜ್ ಇದೆ. ಎಲ್ಲ ಬೇರೆ ಬೇರೆ ಬಿದ್ದಿವೆ. ಒಂದಕ್ಕೊಂದು ಜೋಡಿಸೋ ಆ್ಯಪ್ ಬಂದಿದೆ. ನೀವು ಜೋಡಿಸಿ. ನಿಮ್ಮ ತಲೆನೋವು ಹೋಯ್ತು ಅಂತ ತಿಳ್ಕೊಳ್ಳಿ."

ತಲೆನೋವಿನ ಜೊತೆಗೆ ಇನ್ನೊಂದೂ ಹೋಯಿತು. ಯಾರು ತಪ್ಪಿಸಿಕೊಂಡರೂ ಆ ಜಾಗಕ್ಕೆ ನಿಲ್ಲುವ ಬದಲಿ ಆಳೊಬ್ಬ ಇದ್ದ. ಆ್ಯಪ್ ಬರುತ್ತದಲ್ಲ, ಇನ್ನು ಅವನೇಕೆ ಎಂದು ಅವನನ್ನು ಬೇರೆ ಕಡೆಗೆ ಕಳಿಸಿಬಿಟ್ಟರು.

ಪಾಳಿಯಕ್ಕ ಕಾಲೇಜು ಮೆಟ್ಟಿಲು ಹತ್ತಿದವಳು, ಕಂಪ್ಯೂಟರಿಗೆ ಹೆದರುವವಳಲ್ಲ. ವಿಡಿಯೊ ನೋಡಿ ನೋಡಿ, ಎಡಗೈಯಲ್ಲಿ ಮೌಸ್ ಹಿಡಿದು, ಒಂದರ ಬಾಲವನ್ನು ಇನ್ನೊಂದರ ಬಾಯಿಗೆ ಕೊಡುತ್ತಾ ಹೋದಳು. ಕೆಲಸ ಸುಲಭವೇ. ಹೀಗಾದರೆ ಹಾಗೆ ಮಾಡು, ಹಾಗಾಗದಿದ್ದರೆ ಹೀಗೆ ಮಾಡು ಎಂದು ಬರೆಯುವುದು. ಯಾರಾದರೂ ರಜೆಯ ಫಾರ್ಮು ತುಂಬಿದರೆ ಶೀಟಿನಲ್ಲಿ ಅವರ ಹೆಸರು ಅಳಿಸು. ಅವತ್ತು ಬಿಡುವಿರುವವರಿಗೆ ಒಬ್ಬೊಬ್ಬರಿಗೇ ಮೆಸೇಜ್ ಕಳಿಸಿ ಕೇಳು. ಒಪ್ಪಿದರೆ ಅವರ ಕ್ಯಾಲೆಂಡರಿನಲ್ಲಿ ಪಾಳಿ ಕೂರಿಸು. ಸ್ವಲ್ಪ ಹೊತ್ತು ಉತ್ತರ ಬರದಿದ್ದರೆ ಮುಂದಿನವರನ್ನು ಕೇಳು. ಮ್ಯಾನೇಜರು ಹಿಂದೆ ನಿಂತು ಇನ್ನೊಂದು ಬರೆಸಿದರು. ಪಾಳಿ ಕೂತ ಹೊತ್ತಿಗೆ ಆ ಮನುಷ್ಯನಿಗೆ ಬೇರೇನಾದರೂ ಒಪ್ಪಿಕೊಂಡ ಕೆಲಸವಿದ್ದರೆ, ತರಬೇತಿಯೋ ಸಭೆಯೋ, ಅಲ್ಲಿಗೆ ಅವರ ಪರವಾಗಿ ಕ್ಷಮೆ ಕೇಳಿ ಮೆಸೇಜ್ ಕಳಿಸು. "ಪಾಳಿ ಮೊದಲು, ಉಳಿದದ್ದು ಆಮೇಲೆ" ಎಂದರು ಮ್ಯಾನೇಜರು. ಕ್ಷಮೆಯ ಮಾತುಗಳನ್ನು ಪಾಳಿಯಕ್ಕನೇ ಬರೆದಳು. ಅಂಥ ಮಾತು ಬರೆಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ.

ಪರದೆಯ ಮೇಲೆ ಹೆಸರು ತುಂಬುವ ಕೊನೆಯ ಮನೆಯೊಂದು ಖಾಲಿ ಉಳಿದಿತ್ತು. ಯಾರೂ ಒಪ್ಪದಿದ್ದರೆ? ಆ್ಯಪು ಆ ಮನೆ ತುಂಬಿಸದೆ ಮುಂದೆ ಹೋಗಲು ಬಿಡುವುದಿಲ್ಲ. ಪಾಳಿಯಕ್ಕ ಯೋಚನೆಯನ್ನೇ ಮಾಡದೆ ತನ್ನ ಹೆಸರು ಹಾಕಿದಳು. ಉಳಿದವರನ್ನೆಲ್ಲ ಕೇಳು ಎಂದು ಬರೆದಿದ್ದಳು. ಅವಳ ಹೆಸರಿನ ಮುಂದೆ ಕೇಳು ಎಂದು ಬರೆಯಲಿಲ್ಲ, ಕೂರಿಸು ಎಂದು ಬರೆದಳು. ತನ್ನನ್ನೂ ಕೇಳಬೇಕು ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕೆಲಸ ನಡೆಯಿತು. ಫೋನು ನಿಂತೇ ಹೋಯಿತು. ಮೊದಲ ದಿನಗಳಲ್ಲಿ ಅವಳೇ ಅದನ್ನು ಎತ್ತೆತ್ತಿ ನೋಡುತ್ತಿದ್ದಳು, ಕೆಟ್ಟಿದೆಯೋ ಏನೋ ಎಂದು. ಆ್ಯಪಿನ ಮೆಸೇಜುಗಳು ಟಿಂಗ್ ಟಿಂಗ್ ಎನ್ನುತ್ತಿದ್ದುದಕ್ಕೆ ಗಂಡ ಅದರ ಸದ್ದನ್ನೂ ಅಡಗಿಸಿಟ್ಟ. ಇಬ್ಬರೂ ಕೂತು ಉಂಡರು, ಒಂದು ತುತ್ತೂ ನಡುವೆ ನಿಲ್ಲಲಿಲ್ಲ. "ನಿನ್ನ ಆ್ಯಪಿಗೆ ಒಂದು ದಿನ ಊಟಕ್ಕೆ ಹೇಳ್ಬೇಕು ಕಣೇ" ಎಂದ ಗಂಡ. ಮ್ಯಾನೇಜರು ಇನ್ನೊಂದು ಮೀಟಿಂಗಿನಲ್ಲಿ ಇದನ್ನೇ ಪರದೆಯ ಮೇಲೆ ತೋರಿಸಿ ಚಪ್ಪಾಳೆ ಹೊಡೆಸಿಕೊಂಡು ಬಂದರು.

ಆದರೆ ಮನುಷ್ಯರು ಬುದ್ಧಿವಂತರು ನೋಡಿ. ಮೊದಲು ರಜೆ ಬೇಕಾದರೆ ಪಾಳಿಯಕ್ಕನ ಎದುರು ಬಂದು ನಿಲ್ಲಬೇಕಿತ್ತು, ತಲೆ ಕೆರೆದುಕೊಳ್ಳಬೇಕಿತ್ತು, ಕಾರಣ ಹುಟ್ಟಿಸಬೇಕಿತ್ತು. ಈಗ ಗುಂಡಿ ಒತ್ತಿದರೆ ಆಯಿತು. ಬದಲಿಗೆ ಬಾ ಎಂದು ಮೆಸೇಜ್ ಬಂದರೆ ಹೂಂ ಎನ್ನುವುದೂ ಬೇಡ, ಊಹೂಂ ಎನ್ನುವುದೂ ಬೇಡ. ಸುಮ್ಮನಿದ್ದರೆ ಅದು ತಾನಾಗಿಯೇ ಮುಂದಿನವರ ಬಾಗಿಲಿಗೆ ಹೋಗುತ್ತದೆ. ಮೌನವೇ ಸಮ್ಮತಿ ಎನ್ನುವುದು ಹಳೆಯ ಗಾದೆ, ಆ್ಯಪಿನಲ್ಲಿ ಮೌನವೆಂದರೆ ನನ್ನಿಂದಾಗದು ಎಂದರ್ಥವಾಯಿತು. ಮುಖದಾಕ್ಷಿಣ್ಯಕ್ಕೆ ಮುಖವಾದರೂ ಬೇಡವೇ? ಎಲ್ಲರ ಬಾಗಿಲು ತಟ್ಟಿ ಸುಸ್ತಾದ ಮೆಸೇಜು ಕಡೆಗೆ ಪಾಳಿಯಕ್ಕನ ಕ್ಯಾಲೆಂಡರಿನಲ್ಲಿ ಬಂದು ಕೂರುತ್ತಿತ್ತು. ಅವಳು ಮೊದಲಿಗಿಂತ ಹೆಚ್ಚು ಪಾಳಿ ಮಾಡತೊಡಗಿದಳು. ಯಾರನ್ನೂ ಬೈಯುವಂತಿಲ್ಲ, ಯಾರೂ ಅವಳನ್ನು ಬಾ ಎಂದು ಕರೆದಿರಲಿಲ್ಲವಲ್ಲ. ಬುಧವಾರ ಒಂದು ಬರಲಿ, ಕೈ ಒಂದು ನೆಟ್ಟಗಾಗಲಿ, ಆಮೇಲೆ ಇದನ್ನೆಲ್ಲ ಸರಿಮಾಡಿದರಾಯಿತು ಎಂದುಕೊಂಡಳು. ಆ ದಿನಕ್ಕೆ ಅವಳೂ ಎಲ್ಲರ ಹಾಗೆ ರಜೆಯ ಫಾರ್ಮು ತುಂಬಿದ್ದಳು.

ಮಂಗಳವಾರ ಫೋನಿನ ಕಡೆ ನೋಡದೆ ಬೇಗ ಉಂಡು ಮಲಗಿದಳು. ಬುಧವಾರ ಬೆಳಗ್ಗೆ ನೀರೂ ಕುಡಿಯದೆ, ಗಂಡನ ಕೈಯಲ್ಲಿ ಗುಂಡಿ ಹಾಕಿಸಿಕೊಂಡು, ಇಬ್ಬರೂ ಆಸ್ಪತ್ರೆಯ ಮೇಲಿನ ಮಹಡಿಗೆ ಹೋದರು. ಇಷ್ಟು ವರ್ಷ ಅದೇ ಕಟ್ಟಡದಲ್ಲಿ ದುಡಿದರೂ ಮುಂಬಾಗಿಲಿನಿಂದ ಅವಳು ಒಳಗೆ ಹೋದದ್ದು ಕಮ್ಮಿ. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿದಳು, ಮತ್ತೆ ನೋಡಿದಳು.

"ನೀವು ನಿನ್ನೆ ಕ್ಯಾನ್ಸಲ್ ಮಾಡಿದೀರಲ್ಲಮ್ಮ?"

"ನಾನಾ? ಇಲ್ಲಪ್ಪ."

"ನಿಮ್ಮ ನಂಬರಿಂದಲೇ ಬಂದಿದೆ, ನೋಡಿ." ಹುಡುಗಿ ಪರದೆಯನ್ನು ಇವರ ಕಡೆ ತಿರುಗಿಸಿದಳು. 'ತುರ್ತು ಕೆಲಸದಿಂದಾಗಿ ಬರಲು ಆಗುತ್ತಿಲ್ಲ. ದಯವಿಟ್ಟು ನನ್ನ ಸರದಿಯನ್ನು ಬೇರೆಯವರಿಗೆ ಕೊಡಿ. ನಿಮಗೆ ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಇರಲಿ.'

ಪಾಳಿಯಕ್ಕ ಓದಿದಳು. ಅವಳದೇ ಮಾತುಗಳು, ಅವಳದೇ ವಿನಯ. ಎಡಗೈಯಿಂದ ಫೋನು ತೆಗೆದು ನೋಡಿದರೆ ಎಲ್ಲ ಅಲ್ಲೇ ಇತ್ತು. ಮಂಗಳವಾರ ಮಧ್ಯಾಹ್ನ ರೋಲರ್ ಇಸ್ತ್ರಿಯ ಹೆಂಗಸು ಬುಧವಾರಕ್ಕೆ ರಜೆ ಹಾಕಿದ್ದಾಳೆ. ಆ್ಯಪು ಒಬ್ಬೊಬ್ಬರನ್ನೇ ಕೇಳಿದೆ. ಯಾರೂ ತುಟಿ ಬಿಚ್ಚಿಲ್ಲ. ಪಾಳಿ ಪಾಳಿಯಕ್ಕನ ತಲೆಯ ಮೇಲೆ ಕೂತಿದೆ. ಅವಳಿಗೂ ರಜೆಯಿದೆ ಎಂದು ಅದು ನೋಡಿಲ್ಲ, ನೋಡು ಎಂದು ಅವಳು ಹೇಳಿರಲಿಲ್ಲ. ಕೂತ ಮೇಲೆ ಕ್ಯಾಲೆಂಡರಿನಲ್ಲಿ ಅದೇ ಹೊತ್ತಿಗೆ ಇನ್ನೊಂದು ಕೆಲಸ ಕಂಡಿದೆ, ಅದಕ್ಕೆ ಬಹಳ ಮರ್ಯಾದೆಯಿಂದ ಕ್ಷಮೆ ಕೇಳಿದೆ.

"ಈಗ ಬಂದಿದೀವಲ್ಲ, ಮಾಡ್ಸಿ" ಎಂದ ಗಂಡ.

"ಆ ಜಾಗ ಬೇರೆಯವರಿಗೆ ಕೊಟ್ಟಾಯ್ತು ಸಾರ್. ಆಗಲೇ ಒಳಗೆ ಕರ್ಕೊಂಡು ಹೋಗಿದಾರೆ. ಡಾಕ್ಟ್ರು ಸಂಜೆ ಹೊರಟುಬಿಡ್ತಾರೆ. ಮತ್ತೆ ಸರದಿಗೆ ಬರ್ಕೊಳ್ತೀನಿ."

ಜೀವನದಲ್ಲಿ ಅಪರೂಪಕ್ಕೆ ದನಿ ಏರಿಸುವ ಮನುಷ್ಯ ಅವತ್ತು ಕೌಂಟರಿಗೆ ಕೈ ಅಪ್ಪಳಿಸಿದ. "ಯಾವನ್ರೀ ಅವನು ಕ್ಯಾನ್ಸಲ್ ಮಾಡೋಕೆ?" ಪಾಳಿಯಕ್ಕ ಅವನ ತೋಳು ಹಿಡಿದಳು. "ಬಿಡಿ. ಈ ಹುಡುಗಿ ಏನು ಮಾಡ್ತಾಳೆ ಪಾಪ." ಮೆಟ್ಟಿಲ ಬಳಿ ಬಂದಾಗ ಅವನು ಮನೆಯ ಕಡೆ ತಿರುಗಿದ. ಅವಳು ನೆಲಮಾಳಿಗೆಯ ಕಡೆ ತಿರುಗಿದಳು.

"ಎಲ್ಲಿಗೆ?"

"ಇಸ್ತ್ರಿಗೆ ಯಾರೂ ಇಲ್ಲ. ಮೇಲಿನ ವಾರ್ಡಿಗೆ ಬೆಡ್‌ಶೀಟ್ ಹೋಗ್ಬೇಕಲ್ಲ."

ಅವನು ಅವಳನ್ನು ನೋಡುತ್ತಾ ನಿಂತ. ಬೈಗುಳ ಬಾಯಿಗೆ ಬಂದಿತ್ತು, ನುಂಗಿಕೊಂಡ. "ಏನಾದ್ರೂ ತಿನ್ನು" ಎಂದಷ್ಟೇ ಹೇಳಿ ಹೋದ. ಅವಳಿಗೆ ಅವನ ಹಿಂದೆ ಓಡಬೇಕೆನ್ನಿಸಿತು. ಓಡಲಿಲ್ಲ. ಇದನ್ನು ಹೇಳುವಾಗ ನನಗೇ ಸಿಟ್ಟು ಬರುತ್ತದೆ. ಆದರೆ ಗಾಣದ ಎತ್ತಿಗೆ ಹಗ್ಗ ಬಿಚ್ಚಿದರೂ ಅದು ಸುತ್ತುವುದನ್ನೇ ಸುತ್ತುತ್ತದೆ, ಏನು ಮಾಡುವುದು?

ಹಸಿದ ಹೊಟ್ಟೆಯಲ್ಲಿ ಅವಳು ರೋಲರಿನ ಮುಂದೆ ನಿಂತಳು. ಒದ್ದೆ ಹೊದಿಕೆಯ ಅಂಚನ್ನು ಎರಡು ಕೈಯಲ್ಲೂ ಹಿಡಿದು, ಸುಕ್ಕಾಗದಂತೆ ಬಿಸಿ ಉರುಳೆಯ ಬಾಯಿಗೆ ಕೊಡಬೇಕು. ಅದು ಎಳೆದುಕೊಳ್ಳುತ್ತಿದ್ದಂತೆ ಕೈ ಬಿಡಬೇಕು. ಒಂದು ಹೊದಿಕೆ, ಇನ್ನೊಂದು, ಮತ್ತೊಂದು. ತಲೆಯಲ್ಲಿ ಯೋಚನೆಯೂ ಇರಲಿಲ್ಲ, ದಣಿವು ಮಾತ್ರ ಇತ್ತು. ಎಲ್ಲಿಂದಲೋ ಕೂದಲು ಸುಟ್ಟಂಥ ವಾಸನೆ ಬಂತು. ಯಾವ ಯಂತ್ರ ಕೆಟ್ಟಿತಪ್ಪಾ ಎಂದು ಅವಳು ಕತ್ತು ತಿರುಗಿಸಿ ನೋಡಿದಳು. ಮಡಚುವ ಮೇಜಿನಿಂದ ಯಾರೋ ಕೂಗಿದರು, "ಅಕ್ಕಾ, ಕೈ! ಕೈ ತೆಗಿ!"

ಬಲಗೈಯ ಎರಡು ಬೆರಳು ಉರುಳೆಯ ಪಕ್ಕದ ಕಾದ ಕಬ್ಬಿಣದ ಪಟ್ಟಿಗೆ ಒತ್ತಿಕೊಂಡಿದ್ದವು. ಅವಳಿಗೆ ಏನೂ ಗೊತ್ತಾಗಿರಲಿಲ್ಲ. ತೆಗೆದಾಗ ಚರ್ಮ ಬೆಳ್ಳಗಾಗಿತ್ತು. ತಣ್ಣೀರಿನ ನಲ್ಲಿಯ ಕೆಳಗೆ ಹಿಡಿದರು. ನೀರು ತಣ್ಣಗಿದೆ ಎಂಬುದೂ ಅವಳಿಗೆ ಗೊತ್ತಾಗಲಿಲ್ಲ. ಅಷ್ಟು ಹೊತ್ತೂ ಬಾರದ ಅಳು ಆಗ ಬಂತು. ನೋವಾಗುತ್ತಿದೆಯೆಂದು ಎಲ್ಲರೂ ತಿಳಿದರು.

ಮರುದಿನ ಇಸ್ತ್ರಿಯ ಹೆಂಗಸು ಕೆಲಸಕ್ಕೆ ಬಂದಳು. ಅವಳನ್ನು ಎಲ್ಲರೂ ಇಸ್ತ್ರಿರಾಣಿ ಎನ್ನುತ್ತಿದ್ದರು. ಬಾಯಿ ಜೋರು, ಮನಸ್ಸು ಮೆತ್ತಗೆ, ಪಾಳಿಯಕ್ಕನಿಗೆ ಒಡಹುಟ್ಟಿದ ತಂಗಿಗಿಂತ ಹೆಚ್ಚು. ಪಾಳಿಯಕ್ಕ ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ಕೇಳಿದಳು.

"ನಿನ್ನೆ ಏನಿತ್ತೇ ನಿಂಗೆ?"

"ಏನೂ ಇರ್ಲಿಲ್ಲಕ್ಕ. ಮಲ್ಕೊಂಡಿದ್ದೆ."

"ಜ್ವರಾನಾ?"

"ಅಯ್ಯೋ, ಜ್ವರ ಬಂದು ಮಲಗೋದು ಒಂದು ಮಲಗೋದಾ? ಗಂಡ ಕೆಲಸಕ್ಕೆ ಹೋದ, ಮಕ್ಕಳು ಸ್ಕೂಲಿಗೆ ಹೋದ್ವು. ಬಾಗಿಲು ಹಾಕ್ಕೊಂಡು ಸುಮ್ನೆ ನಿದ್ದೆ ಮಾಡ್ದೆ. ಎದ್ದಾಗ ಇದು ಬೆಳಗ್ಗೇನೋ ಸಂಜೇನೋ ತಿಳೀಲಿಲ್ಲ, ಅಂಥಾ ನಿದ್ದೆ. ಎಷ್ಟು ವರ್ಷ ಆಗಿತ್ತೋ ಹಾಗೆ ಮಲಗಿ." ಇಸ್ತ್ರಿರಾಣಿಯ ಮುಖ ನಿಜವಾಗಿಯೂ ಹೊಳೆಯುತ್ತಿತ್ತು. "ಮೊದಲಾಗಿದ್ರೆ ನಿನ್ನ ಮುಂದೆ ನಿಂತು, ಅಕ್ಕಾ ನಿದ್ದೆ ಬರ್ತಿದೆ ರಜೆ ಕೊಡು ಅನ್ನೋಕೆ ಬಾಯಿ ಬರ್ತಿತ್ತಾ? ಈಗ ಒತ್ತಿದೆ, ಸಿಕ್ತು. ಎಂಥಾ ಪುಣ್ಯದ ಕೆಲಸ ಮಾಡಿದೀಯ ನೀನು!"

ಪಾಳಿಯಕ್ಕನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಒಂದು ಹಗಲು ಬಾಗಿಲು ಹಾಕಿಕೊಂಡು ಮಲಗುವ ಆಸೆ ಎಂಥದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಒಳ್ಳೆಯದಾಯಿತು ಬಿಡು ಎಂದು ಹೇಳಿ ಎದ್ದು ಹೋಗುವುದರಲ್ಲಿದ್ದಳು. ಇಸ್ತ್ರಿರಾಣಿ ಚಹಾದ ಲೋಟ ಚಾಚಿದಳು, ಇವಳು ಅಭ್ಯಾಸಬಲದಿಂದ ಬಲಗೈ ತೆಗೆದಳು. ಬ್ಯಾಂಡೇಜು ಕಂಡಿತು. ಆಮೇಲೆ ಮುಚ್ಚಿಡುವುದು ಸಾಧ್ಯವಿತ್ತೇ? ಒಂದೊಂದೇ ಪ್ರಶ್ನೆ ಕೇಳಿ ಕೇಳಿ ಇಸ್ತ್ರಿರಾಣಿ ಎಲ್ಲವನ್ನೂ ಹೊರಗೆಳೆದಳು. ಜೋಮು, ಡಾಕ್ಟರು, ಬುಧವಾರ, ಮೆಸೇಜು.

"ನನ್ನ ಹೊಟ್ಟೆ ಉರ್ಸಬೇಡ ಅಕ್ಕ. ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಹಾಳಾದ್ ನಿದ್ದೆ, ಗುರುವಾರ ಮಾಡ್ತಿದ್ದೆ!"

"ನೀನೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

"ಕೇಳೋ ಹಾಗೆ ಎಲ್ಲಿಟ್ಟಿದೀಯ? ಮೊದಲು ನಿನ್ನ ಹತ್ರ ಬಂದು ನಿಂತಾಗ ಮುಖ ನೋಡಿದ್ರೆ ಗೊತ್ತಾಗ್ತಿತ್ತು, ಇವತ್ತು ಅಕ್ಕಂಗೆ ಹುಷಾರಿಲ್ಲ ಅಂತ. ಎಷ್ಟು ಸಲ ರಜೆ ಕೇಳೋಕೆ ಬಂದು ಕೇಳ್ದೇ ವಾಪಸ್ ಹೋಗಿದೀನಿ ಗೊತ್ತಾ ನಿಂಗೆ?"

ಅದು ಅವಳಿಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ತಾನೊಬ್ಬಳೇ ಎಲ್ಲರ ಮುಖ ನೋಡುತ್ತಿದ್ದೇನೆ ಎಂದುಕೊಂಡಿದ್ದಳು.

ಇಸ್ತ್ರಿರಾಣಿ ಬಿಡಲಿಲ್ಲ, ಅವಳನ್ನು ಎಳೆದುಕೊಂಡೇ ಮ್ಯಾನೇಜರ ಕೋಣೆಗೆ ಹೋದಳು. ಮ್ಯಾನೇಜರು ಬ್ಯಾಂಡೇಜು ನೋಡಿ ಲೊಚ್ಚೆಂದರು. ಕೆಟ್ಟ ಮನುಷ್ಯರೇನಲ್ಲ. ಕಾಗದದ ಮೇಲೆ ಸರಿ ಕಂಡದ್ದು ನೆಲದ ಮೇಲೂ ಸರಿಯಿದೆ ಎಂದು ನಂಬುವ ಜಾತಿ.

"ಕೊನೆ ಬದಲಿಯ ಜಾಗದಿಂದ ನನ್ನ ಹೆಸರು ತೆಗೀತಿದೀನಿ ಸಾರ್" ಎಂದಳು ಪಾಳಿಯಕ್ಕ.

"ತೆಗೆದ್ರೆ ಹೇಗೆ? ಆ ಜಾಗ ಖಾಲಿ ಬಿಡೋಕೆ ಆ್ಯಪ್ ಒಪ್ಪಲ್ಲ. ಇರ್ಲಿ ಬಿಡಿ, ಅದು ಬರೀ ಹೆಸರಿಗೆ. ಅಲ್ಲೀವರೆಗೆ ಬರೋದೇ ಇಲ್ಲ, ಆ್ಯಪ್ ಎಲ್ಲ ನೋಡ್ಕೊಳ್ಳುತ್ತೆ."

"ಆ್ಯಪ್ ಅಂದ್ರೆ ನಾನೇ ಅಲ್ವಾ ಸಾರ್?" ಎಂದಳು ಅವಳು. "ಅದು ನೋಡ್ಕೊಂಡ ಪಾಳಿಯೆಲ್ಲ ನಾನು ಮಾಡಿದ್ದೇ."

ಮ್ಯಾನೇಜರು ಏನೋ ಹೇಳಹೊರಟರು. ಅವಳು ಆಗಲೇ ಅವರ ಕಂಪ್ಯೂಟರಿನಲ್ಲಿ ಎಡಗೈಯಿಂದ ಆ ಮನೆ ತೆರೆದಿದ್ದಳು. "ಬರೀ ಹೆಸರಿಗೆ ಅಂದ್ರಲ್ಲ. ನಿಮ್ಮ ಹೆಸರು ಹಾಕ್ತೀನಿ."

"ಏ, ನನಗೆ ಮೀಟಿಂಗ್ ಇರುತ್ತಲ್ಲಮ್ಮ!"

"ಮೀಟಿಂಗಿಗೆ ಅದೇ ಕ್ಷಮೆ ಕೇಳುತ್ತೆ ಸಾರ್. ಮಾತು ಚೆನ್ನಾಗೇ ಬರ್ದಿದೀನಿ."

ಬಾಗಿಲಲ್ಲಿ ನಿಂತಿದ್ದ ಇಸ್ತ್ರಿರಾಣಿ ಬಾಯಿಗೆ ಸೆರಗಡ್ಡ ಹಿಡಿದಳು. ಅವಳ ಹಿಂದೆ ಮಡಚುವ ಮೇಜಿನವರೂ ಒಬ್ಬೊಬ್ಬರಾಗಿ ಬಂದು ನಿಂತಿದ್ದರು. ಅಷ್ಟು ಜನರ ಮುಂದೆ ಆಗದು ಎನ್ನಲು ಮ್ಯಾನೇಜರಿಗೂ ಮುಖದಾಕ್ಷಿಣ್ಯ ಬಂತು. ಹೂಂ ಎಂದರು. ಕೆಲವೇ ದಿನಗಳಲ್ಲಿ ಮೇಲಿನವರ ಮೀಟಿಂಗೊಂದಕ್ಕೆ, ದಯವಿಟ್ಟು ನನ್ನ ಸರದಿಯನ್ನು ಬೇರೆಯವರಿಗೆ ಕೊಡಿ ಎಂಬ ವಿನಯದ ಮೆಸೇಜು ಅವರ ಹೆಸರಿನಲ್ಲಿ ಹೋಯಿತು. ಅವರು ಕುಣಿದಾಡಿದರು, ಬೈದರು, ಆ ದಿನ ತೋಳು ಮಡಚಿಕೊಂಡು ಬಂದು ಟ್ರಾಲಿಯನ್ನೂ ತಳ್ಳಿದರು. ಅದಾದ ಮೇಲೆ ಹಳೆಯ ಬದಲಿ ಆಳು ತನ್ನ ಜಾಗಕ್ಕೆ ಮರಳಿ ಬಂದ. ಇದಿಷ್ಟೂ ಒಳ್ಳೆಯದೇ ಆಯಿತು. ಲಾಂಡ್ರಿಯಲ್ಲಿ ಇವತ್ತಿಗೂ ಹೇಳಿಕೊಂಡು ನಗುತ್ತಾರೆ.

ಆದರೆ ಸರದಿ ಸರದಿಯೇ. ಪಾಳಿಯಕ್ಕನ ಹೆಸರು ಬಾಲದಿಂದ ತೆವಳಿಕೊಂಡು ತಲೆಗೆ ಬರಲು ಎಷ್ಟೋ ಬುಧವಾರಗಳು ಕಳೆದವು. ಆ ನಡುವೆ ಮನೆಯ ಬೀಗಕ್ಕೆ ಕೀಲಿ ಹಾಕಲೂ ಆಗದಾಯಿತು. ಬೀಗದವನ ಹೆಂಡತಿ ಬಾಗಿಲಲ್ಲಿ ನಿಂತು ಪಕ್ಕದ ಮನೆಯವರನ್ನು ಕರೆಯಬೇಕಾಗುತ್ತಿತ್ತು. ಗಂಡ ತನ್ನಷ್ಟಕ್ಕೆ ತಾನು ಒಂದು ಹೊಸ ಚಿಲಕ ಮಾಡಿ ಹಾಕಿದ, ಮೊಣಕೈಯಲ್ಲಿ ದೂಡಿದರೂ ತೆರೆಯುವಂಥದು.

ಕಡೆಗೂ ಆಪರೇಶನ್ ಆಯಿತು. ಹೊಲಿಗೆ ಒಣಗಿ ಎಷ್ಟೋ ದಿನಗಳಾದ ಮೇಲೆ ಡಾಕ್ಟರು ಮತ್ತೆ ಕರೆಸಿದರು. ಕಣ್ಣು ಮುಚ್ಚಿಕೊಳ್ಳಿ ಎಂದರು. ಗಂಡ ಪಕ್ಕದಲ್ಲಿ ನಿಂತಿದ್ದ.

"ಚುಚ್ತಿದೀನಿ. ಗೊತ್ತಾದ್ರೆ ಹೂಂ ಅನ್ನಿ."

ಹೆಬ್ಬೆರಳಲ್ಲಿ ಚುಳ್ಳೆಂದಿತು. "ಹೂಂ!" ಎಂದಳು. ಎಂಥ ಸಂತೋಷ ಆ ನೋವಿಗೆ! ಮುಂದಿನ ಚುಚ್ಚಿಗೆ ಕಾದಳು. ಡಾಕ್ಟರು ಏನೋ ಬರೆದುಕೊಳ್ಳುತ್ತಿರಬೇಕು, ಇನ್ನೂ ಮುಟ್ಟಿಲ್ಲ. ಕಾದೇ ಕಾದಳು. ಕಣ್ಣು ಬಿಟ್ಟು ನೋಡಿದರೆ ಸೂಜಿಯ ಮೊನೆ ತೋರುಬೆರಳಿನ ತುದಿಯಲ್ಲಿ ಊರಿ ನಿಂತಿತ್ತು. ಆಮೇಲೆ ನಡುಬೆರಳು. ಅಲ್ಲೂ ಇಲ್ಲ.

ಡಾಕ್ಟರು ಸೂಜಿ ಕೆಳಗಿಟ್ಟರು. "ಹೆಬ್ಬೆರಳು ಬಂದಿದೆ. ಇವೆರಡೂ ಇನ್ನು ಬರೋದು ಕಷ್ಟ ಅಮ್ಮ. ಮೊದಲ ಸರದಿಗೇ ಬಂದುಬಿಟ್ಟಿದ್ರೆ ಹೀಗಾಗ್ತಿರ್ಲಿಲ್ಲ. ಯಾರು ಕ್ಯಾನ್ಸಲ್ ಮಾಡಿದ್ದು ಅವತ್ತು?"

"ಅದು ಮಿಶೀನು ಸಾರ್, ಇವಳಿಗೆ ಗೊತ್ತೇ ಇಲ್ಲದೆ..." ಎಂದು ಗಂಡ ಶುರುಮಾಡಿದ.

"ನಾನೇ ಮಾಡಿದ್ದು ಡಾಕ್ಟ್ರೇ" ಎಂದಳು ಪಾಳಿಯಕ್ಕ. ಅವಳು ಸುಳ್ಳು ಹೇಳಲಿಲ್ಲ. ಆ ಮಂಗಳವಾರ ಯಾರಾದರೂ ಎದುರಿಗೆ ಬಂದು ಕೇಳಿದ್ದರೂ ಅವಳು ಏನೆನ್ನುತ್ತಿದ್ದಳೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹೊರಗೆ ಬೆಂಚಿನ ಮೇಲೆ ಇಸ್ತ್ರಿರಾಣಿ ಕೂತಿದ್ದಳು, ಲಾಂಡ್ರಿಯ ಅಂಗಿಯಲ್ಲೇ ಮೇಲೆ ಓಡಿ ಬಂದಿದ್ದಳು. ಗಂಡ ಔಷಧಿಯ ಚೀಟಿ ಹಿಡಿದು ಅಂಗಡಿಯ ಕಡೆ ಹೋದ. ಅವನ ನಡಿಗೆ ನೋಡಿಯೇ ಇಸ್ತ್ರಿರಾಣಿಗೆ ಅರ್ಥವಾಯಿತು.

"ನಿಂಗಿವತ್ತು ಪಾಳಿ ಇತ್ತಲ್ಲೇ" ಎಂದಳು ಪಾಳಿಯಕ್ಕ.

"ಇತ್ತು."

"ಅಲ್ಲಿ ಯಾರಿದಾರೆ?"

"ಯಾರೋ ಇರ್ತಾರೆ. ಅದನ್ನ ನೀನು ಕೇಳ್ಬೇಡ."

ಪಾಳಿಯಕ್ಕ ಕೇಳಲಿಲ್ಲ. ಬೆಂಚಿನಲ್ಲಿ ಅವಳ ಪಕ್ಕ ಕೂತು ಹಿಂದಕ್ಕೊರಗಿ ಕಣ್ಣು ಮುಚ್ಚಿದಳು. ಮೂಳೆಯೊಳಗಿನಿಂದ ದಣಿವಾಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ತೆರೆಯದೆಯೇ ಹೇಳಿದಳು, "ಬೆರಳು ಹಿಡ್ಕೊಳ್ಳೇ ಸ್ವಲ್ಪ."

ಇಸ್ತ್ರಿರಾಣಿ ಕಣ್ಣೊರೆಸಿಕೊಂಡಳು.

"ಆಗಿಂದ ಹಿಡ್ಕೊಂಡೇ ಇದೀನಲ್ಲಕ್ಕ" ಎಂದಳು.